ವಸ್ತಾದನ ಮಣ್ಣು

ಸಿಟ್ಟು ಯಾರ ಮೇಲೆ ಮಾಡಬೇಕು ಎಂಬುದು ಬಗೆಹರಿಯದೆ ದಾವಲಸಾಬ ಜೇವರ್ಗಿಯಲ್ಲಿನ ಚರ್ಮರೋಗದ ದವಾಖಾನೆಯ ಬೆಂಚಿನ ಮೇಲೆ ಕುಳಿತು ಫ್ಯಾನಿನ ಮೇಲೆ ಸಿಟ್ಟಾಗಿದ್ದ. ತಿರುಗಿದರೆ ಸರಿಯಾಗಿ ತಿರುಗಬೇಕು, ಇಲ್ಲವಾದರೆ ಸುಮ್ಮನೆ ನಿಲ್ಲಬೇಕು. ಇದೇನು, ಮುದುಕ ಹಲ್ಲು ಕಡಿದ ಹಾಗೆ ಕಟಕಟ. ಪಕ್ಕದಲ್ಲಿ ಮೊಳದಷ್ಟು ಜಾಗ ಬಿಟ್ಟು ಮಗಳು ಜಸ್ಮೀನ ಕುಳಿತಿದ್ದಳು. ಆ ಮೊಳದ ಜಾಗದ ಮೇಲೂ ಅವನಿಗೆ ಸಿಟ್ಟಿತ್ತು. ಬೆಳಗಿನಿಂದ ಅವಳು ಒಂದು ಮಾತೂ ಆಡಿರಲಿಲ್ಲ. ತಾಯಿ ವಜೀರುನ್ನಿಸಾ ಕಟ್ಟಿಕೊಟ್ಟ ರೊಟ್ಟಿಯ ಗಂಟು ಬಿಚ್ಚಿರಲಿಲ್ಲ, ನೀರು ಕೇಳಿರಲಿಲ್ಲ. ಅತ್ತಿದ್ದರೆ ಗದರಿಸಬಹುದಿತ್ತು. ಅಳಲೂ ಇಲ್ಲ. ಕೈ ಮಾತ್ರ ಆಗಾಗ ಬಲ ಹೆಗಲಿನ ಹಿಂದಕ್ಕೆ ಹೋಗುತ್ತಿತ್ತು, ಅರ್ಧಕ್ಕೆ ನಿಂತು ವಾಪಸು ಬರುತ್ತಿತ್ತು. ಕೆರೆದುಕೊಳ್ಳಬಾರದು ಎಂದು ಅವಳಿಗೆ ತಾಕೀತು ಮಾಡಿದವನೂ ತಾನೇ.

ಬೆಳಿಗ್ಗೆ ಕುಸ್ತಿಯ ಆಯ್ಕೆಗೆ ಬಂದ ಹುಡುಗಿಯರನ್ನು ಅದೇ ಊರಿನ ಶಾಲೆಯ ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿದ್ದರು. ಪರದೆಯ ಹಿಂದೆ ಒಬ್ಬ ಹೆಂಗಸು ಒಬ್ಬೊಬ್ಬಳ ಮೈ ಪರೀಕ್ಷೆ ಮಾಡುತ್ತಿದ್ದಳು. ಅದೆಲ್ಲ ಕಾಯಿದೆ, ಇರಲಿ. ಆದರೆ ಹಾಡಹಗಲು ಟಾರ್ಚು ಯಾಕೆ ಬೇಕು? ಪರದೆಯ ಆಚೆ ಟಾರ್ಚಿನ ಬೆಳಕು ಮೇಲೆ ಕೆಳಗೆ ಆಡುವುದನ್ನು ಅವನು ಈಚೆಯಿಂದ ನೋಡುತ್ತ ನಿಂತಿದ್ದ. ನೋಡಿದ್ದನ್ನು ಹತ್ತಿರ ಕರೆದು ಹೇಳಬಹುದಿತ್ತಲ್ಲ, ಆ ಹೆಂಗಸು ಪರದೆ ಸರಿಸಿ ಹೊರಗೆ ಬಂದು ಇಡೀ ಪಡಸಾಲೆಗೆ ಕೇಳುವ ಹಾಗೆ, "ಯಾರ ಪೋರಿರೀ ಈಕಿ? ಬೆನ್ನ ತುಂಬ ಹತ್ತೋ ಬ್ಯಾನಿ ಅದ. ಮ್ಯಾಟಿನ ಮ್ಯಾಲ ಬಿಡಂಗಿಲ್ಲ" ಅಂದಳು. ಸಾಲಿನಲ್ಲಿದ್ದ ಹುಡುಗಿಯರು ಹಿಂದೆ ಸರಿದರು. ಒಬ್ಬಳು ತನ್ನ ದುಪಟ್ಟಾ ಎಳೆದುಕೊಂಡಳು. ನಿನ್ನೆಯವರೆಗೆ ವಸ್ತಾದರೇ ವಸ್ತಾದರೇ ಎಂದು ಕುಸ್ತಿ ಗುರುವಾದ ಅವನ ಕಾಲು ಮುಟ್ಟುತ್ತಿದ್ದ ಆಳಂದದ ಕಡೆಯ ಪೈಲವಾನರೂ ಅಲ್ಲೇ ನಿಂತಿದ್ದರು. ಎಲ್ಲರೂ ಅವನ ಕಡೆ ನೋಡಿದರು. ಆಗ ಅವನ ಬಾಯಿಂದ ಮಾತು ಬಂತು. ಬರಬಾರದಾಗಿತ್ತು, ಬಂತು. "ಎಲ್ಲಿಂದ ಹಚ್ಚಗೊಂಡು ಬಂದಿ ಬೇ ಇದನ್ನ?"

ಅಂದವನು ತಾನು. ಆ ಹೆಂಗಸಲ್ಲ, ಆಳಂದದವರಲ್ಲ, ತಾನು. ವಾರಗಟ್ಟಲೆಯಿಂದ ಪ್ರತಿದಿನ ಬೆಳಿಗ್ಗೆ ಆ ಬೆನ್ನು ನೋಡಿದವನು ತಾನು. ಮೊದಲು ಕೆಂಪು ದಾರದಂತೆ ಒಂದು ಗೆರೆ ಇತ್ತು. ಗಜಕರ್ಣ ಎಂದು ಹೇಳಿ ತಮ್ಮೂರು ಇಜೇರಿಯ ಔಷಧದ ಅಂಗಡಿಯಿಂದ ಟ್ಯೂಬು ತಂದು ಹಚ್ಚಿಸಿದವನು ತಾನು. ಅದಕ್ಕೆ ಬಗ್ಗದಿದ್ದಾಗ ತನ್ನ ಗರಡಿಯ ಅಖಾಡದ ಮಣ್ಣಿಗೆ ಲಿಂಬೆಹಣ್ಣು ಹಿಂಡಿ ಕಲಸಿ, ಮಗಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಚರ್ಮ ಉರಿಯುವ ತನಕ ತಿಕ್ಕಿದವನೂ ತಾನು. ನಮ್ಮ ಮಣ್ಣು ಹತ್ತಿದ ಮೈಗೆ ರೋಗ ಬರಂಗಿಲ್ಲ ಎಂದು ಅವನ ಅಪ್ಪ ಹೇಳುತ್ತಿದ್ದ, ಅವನೂ ಹೇಳುತ್ತಿದ್ದ. ಗೆರೆ ಒಂದೇ ಕಡೆ ನಿಲ್ಲುತ್ತಿಲ್ಲ, ಪ್ರತಿದಿನ ಒಂದಿಷ್ಟು ಮುಂದೆ ಹೋಗಿ ಹೊರಳುತ್ತಿದೆ ಎಂಬುದು ಅವನ ಕಣ್ಣಿಗೆ ಬಿದ್ದಿತ್ತು. ಕಣ್ಣಿಗೆ ಬಿದ್ದದ್ದನ್ನು ಅವನು ಯಾರಿಗೂ ಹೇಳಲಿಲ್ಲ. ಅಷ್ಟೆಲ್ಲ ತಿಳಿದವನು ನಾಲ್ಕು ಮಂದಿಯ ಮುಂದೆ ಎಲ್ಲಿಂದ ಹಚ್ಚಗೊಂಡು ಬಂದಿ ಎಂದು ಕೇಳಿದ. ಅವಳು ಚೀಲ ಎತ್ತಿಕೊಂಡು ಹೊರಗೆ ನಡೆದಳು. ಆಯ್ಕೆಯವರಲ್ಲಿ ಒಬ್ಬ ಮಾತ್ರ, ಯಾರ ಮಗನೋ ಪುಣ್ಯಾತ್ಮ, ಹಿಂದಿನಿಂದ ಬಂದು, "ಮುಂದಿನ ವಾರ ಅಫಜಲಪುರದಾಗ ಉಳಿದವರ ಆಯ್ಕಿ ಅದ. ಗುಣಾ ಮಾಡಿಸಿ ಡಾಕ್ಟರ ಕಡಿಂದ ಬರಸಿಕೊಂಡು ಬರ್ರಿ, ನೋಡೋಣು" ಎಂದು ಹೇಳಿ ಹೋದ. ಆ ಅಫಜಲಪುರ ಒಂದು ತಪ್ಪಿದರೆ ಹುಡುಗಿಗೆ ಈ ವರ್ಷ ಇಲ್ಲ. ಈ ವರ್ಷ ಇಲ್ಲದಿದ್ದರೆ ವಜೀರುನ್ನಿಸಾಳ ಅಣ್ಣಂದಿರು ವರನ ಮಾತು ತೆಗೆದುಕೊಂಡು ಬಾಗಿಲಲ್ಲೇ ಕುಳಿತಿದ್ದಾರೆ.

ಒಳಗೆ ಕರೆದ ಡಾಕ್ಟರು ಐಶ್ವರ್ಯಾ ಎಂಬ ಹೆಣ್ಣುಮಗಳು, ವಯಸ್ಸಿನಲ್ಲಿ ಚಿಕ್ಕವಳು. ಅದೂ ಅವನಿಗೆ ಸರಿಬರಲಿಲ್ಲ. ಅವಳು ಟಾರ್ಚು ಹಿಡಿಯಲಿಲ್ಲ. ಜಸ್ಮೀನಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಬೆನ್ನಿನ ಅಂಗಿ ಸರಿಸಿ, ಬೆರಳಿನಿಂದ ಮುಟ್ಟಿ ನೋಡಿದಳು. ಕೈಗವಸು ಹಾಕದೆ ಬರಿಗೈಯಲ್ಲಿ ಮುಟ್ಟಿದ್ದು ದಾವಲಸಾಬನಿಗೆ ಕಂಡಿತು.

"ಗಜಕರ್ಣ ಅಲ್ರಿ ಇದು. ಹುಳ."

"ಹುಳಾ?"

"ಹೌದ್ರಿ. ಕೂದಲಕ್ಕಿಂತ ಸಣ್ಣದು. ಚರ್ಮದ ಕೆಳಗ ಹರಿದಾಡಾಕತ್ತದ. ನೋಡ್ರಿ, ಇಲ್ಲಿ ಹೊಕ್ಕದ, ಹಿಂಗ ಸುತ್ತಿ, ಹಿಂಗ ಹೊಳ್ಳಿ, ಇಲ್ಲಿಗಿ ಬಂದದ." ಆಮೇಲೆ ಹುಡುಗಿಗೆ, "ನಿನ್ನಿ ಎಲ್ಲಿತ್ತಮ್ಮಾ?"

"ಇನ್ನಾ ಕೆಳಗ ಇತ್ತ್ರಿ ಮೇಡಂ. ರಾತ್ರಿ ಭಾಳ ತುರಸ್ತದ, ಒಳಗ ಯಾರೋ ಸೂಜಿಲೆ ಹೊಲದಂಗ ಆಗ್ತದ."

ಮಾತು ಬಂತು. ಅಪ್ಪನಿಗೆ ಇಲ್ಲದ ಮಾತು ಡಾಕ್ಟರಿಗೆ ಬಂತು. ರಾತ್ರಿ ಸೂಜಿ ಚುಚ್ಚಿದ ಹಾಗೆ ಆಗುತ್ತದೆಂದು ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಥವಾ ಹೇಳಿದ್ದಳೇನೋ, ಪೈಲವಾನರು ತುರಿಕೆಗೆ ಅಳಬಾರದು ಎಂದು ತಾನೇ ಅಂದಿದ್ದನೇನೋ. ಅಂದಿದ್ದ. ಅವನಿಗೆ ನೆನಪಾಯಿತು.

"ರಕ್ತಾ ಗಿಕ್ತಾ ತಪಾಸಣಿ ಮಾಡೂದಿಲ್ಲೇನ್ರಿ? ಬರೇ ನೋಡೇ ಹೇಳತೀರಿ?" ಎಂದು ಅವನು ಕೇಳಿದ. ದನಿ ಬೇಕಾದ್ದಕ್ಕಿಂತ ದೊಡ್ಡದಾಗಿತ್ತು.

"ಏನೂ ಬ್ಯಾಡ್ರಿ. ಅದು ಹರಿದಾಡಿದ ದಾರೀನೇ ಹೇಳ್ತದ. ರಕ್ತದಾಗ ಏನೂ ಸಿಗಂಗಿಲ್ಲ. ನೀ ಏನ ಕೆಲಸಾ ಮಾಡ್ತೀಯಮ್ಮಾ? ಬರಿಮೈಲೆ ಮಣ್ಣಾಗ ಮಲಗ್ತೀಯೇನು?"

"ಕುಸ್ತಿ ರೀ. ಮುಂಜಾನಿ ಆಯ್ಕ್ಯಾಗ ಹತ್ತೋ ಬ್ಯಾನಿ ಅಂದು ಬಿಡಲಿಲ್ಲ, ಡಾಕ್ಟರ ಕಡಿಂದ ಬರಸಿಕೊಂಡು ಬರ್ರಿ ಅಂದ್ರು. ಆಡೂದು ಅಬ್ಬಾನ ತಾಲೀಮದಾಗ. ಆಡೂಮುಂದ ಅಂಗಿ ಮ್ಯಾಲ ಸರೀತದ, ಬೆನ್ನಿಗಿ ಮಣ್ಣ ಹತ್ತತದ."

"ಹಂಗಾರ ಆ ಮಣ್ಣಿಂದನ ಬಂದದ. ನಾಯಿ ಹೊಲಸು ಮಾಡಿರಬೇಕು ಅದರಾಗ."

ದಾವಲಸಾಬ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು. ಯಾವ ಮಣ್ಣಿನ ಮಾತು ಇವಳು ಆಡುತ್ತಿರುವುದು! ಅವನ ಅಪ್ಪ ಆಳಂದದ ಗರಡಿಯಿಂದ ಒಂದು ಹೊರೆ, ಅಫಜಲಪುರದಿಂದ ಒಂದು ಹೊರೆ, ಮಟಕಿ ಎಂಬ ಊರಿನ ಹಳೆಯ ಪೈಲವಾನನೊಬ್ಬನ ಹಿತ್ತಲಿನಿಂದ ಒಂದು ಹೊರೆ, ಹೀಗೆ ತಲೆಯ ಮೇಲೆ ಹೊತ್ತು ತಂದು ಕೂಡಿಸಿದ ಮಣ್ಣು ಅದು. ಎಣ್ಣೆ, ಮಜ್ಜಿಗೆ, ಅರಿಶಿಣ ಕುಡಿದ ಮಣ್ಣು. ಶನಿವಾರ ಹಣಮಪ್ಪನಿಗೆ ಕಾಯಿ ಒಡೆದು, ಅದೇ ಗೋಡೆಯ ಗೂಡಿನಲ್ಲಿ ಪೀರನಿಗೆ ಊದುಬತ್ತಿ ಹಚ್ಚಿ, ಆಮೇಲೆ ಕಾಲಿಡುವ ಮಣ್ಣು. "ನಾಯಿ? ನಮ್ಮ ತಾಲೀಮದಾಗ ನಾಯಿ? ನಲವತ್ತು ವರ್ಷ ಆತ್ರಿ ಮೇಡಂ, ನಾಯಿ ನೆರಳ ಬಿದ್ದಿಲ್ಲ ಅಲ್ಲಿ. ಸುತ್ತ ಜಾಲಿಮುಳ್ಳು ಬಡದೀನಿ. ನಾಯಿ ನಾಪಾಕ ಜಾನವಾರ, ನಮಗ ಗೊತ್ತಿಲ್ಲೇನು? ಚಪ್ಪಲಿ ಹಾಕ್ಕೊಂಡು ಬಂದ ಹುಡುಗನ್ನೇ ಕಾಲ ಮುರದ ಹೊರಗ ಹಾಕೀನಿ ನಾ!"

ಅವನು ಮುಗಿಸುವ ತನಕ ಡಾಕ್ಟರು ಕಾದಳು. ಆಮೇಲೆ ಕೇಳಿದಳು, "ಬೆಕ್ಕು?"

ಫ್ಯಾನಿನ ಸದ್ದು ಇಲ್ಲಿಗೂ ಬರುತ್ತಿತ್ತು.  ಉತ್ತರ ಜಸ್ಮೀನ ಕೊಟ್ಟಳು. "ಅದ ರೀ ಮೇಡಂ. ಅಬ್ಬಾ ಸಾಕ್ಯಾರ. ಅಖಾಡದ ಮೂಲ್ಯಾಗೇ ಮರಿ ಹಾಕ್ಯದ."

"ಅದೇ ಮತ್ತ," ಎಂದಳು ಡಾಕ್ಟರು. ಗೆದ್ದವಳ ದನಿ ಅದರಲ್ಲಿರಲಿಲ್ಲ, ಇದ್ದಿದ್ದರೆ ಬೈದು ಹೊರಗೆ ಬರಬಹುದಿತ್ತು. "ಬೆಕ್ಕಿನ ಹೊಟ್ಯಾಗ ಹುಳ ಇರ್ತಾವ. ಹೇಲಿನ ಜೋಡಿ ತತ್ತಿ ಬೀಳ್ತಾವ. ಬೆಕ್ಕು ಮೆತ್ತನ್ನ ಮಣ್ಣೇ ಹುಡಕಿ ಕೆದರಿ ಮುಚ್ಚತದ ಅಲ್ರಿ? ನೆರಳು, ಹಸಿ ಇದ್ದರ ತತ್ತಿ ಒಡದು ಮರಿ ಆಗ್ತಾವ. ಬರಿ ಮೈ ತಾಗಿದರ ಒಳಗ ಹೊಕ್ಕಾವ. ಮನುಷ್ಯರ ಮೈಯಾಗ ಮಾತ್ರ ಅವಕ್ಕ ದಾರಿ ಸಿಗಂಗಿಲ್ಲ. ಆಳಕ್ಕ ಹೋಗಾಕ ಆಗಂಗಿಲ್ಲ, ಹೊರಗ ಬರಾಕ ಆಗಂಗಿಲ್ಲ, ಚರ್ಮದಾಗೇ ತಿರಗತಾವ. ಅಂಜಬ್ಯಾಡ್ರಿ. ಈಗ ನನ್ನ ಎದರಿಗೇ ಗುಳಿಗಿ ನುಂಗಲಿ. ಎರಡ ದಿನದಾಗ ಹರಿದಾಡೂದು ನಿಲ್ತದ, ತುರಿಕಿ ಇಳೀತದ. ವಾರದಾಗ ಬಂದು ತೋರಸ್ರಿ, ನಾ ಬರದು ಕೊಡ್ತೇನಿ. ಒಬ್ಬರಿಂದ ಒಬ್ಬರಿಗಿ ಹತ್ತೂ ಬ್ಯಾನೀನೇ ಅಲ್ಲ ಇದು. ಆಯ್ಕ್ಯಾಗ ಹಂಗ ಅನಬಾರದಿತ್ತು ಅವರು." ಆಮೇಲೆ ಅವರು ತಂದಿದ್ದ ಟ್ಯೂಬನ್ನು ತಿರುಗಿಸಿ ನೋಡಿ ಕಸದ ಬುಟ್ಟಿಗೆ ಹಾಕಿದಳು. "ಇದರಿಂದ ಕೆಂಪು ಇಳೀತದ ಅಷ್ಟೇ, ಹುಳಕ್ಕೇನೂ ಆಗಂಗಿಲ್ಲ. ಮತ್ತೇನ ಹಚ್ಚೀಯಮ್ಮಾ?"

"ಮಣ್ಣು ರೀ. ಅದೇ ಮಣ್ಣು. ದಿನಾ ಮುಂಜಾನಿ ಅಬ್ಬಾ ತಿಕ್ಕತಿದ್ರು."

ಡಾಕ್ಟರು ಬಯ್ಯಲಿಲ್ಲ.  ಒಂದು ಸಲ ಅವನ ಕೈಗಳ ಕಡೆ ನೋಡಿ, ಗುಳಿಗೆ ತೆಗೆಯಲು ಕಪಾಟಿನ ಕಡೆ ತಿರುಗಿದಳು. ಆಚೆ ಮುಖ ಮಾಡಿಕೊಂಡೇ, ಮಣ್ಣು ಪೂರಾ ತೆಗೆಯಬೇಕು, ಬಿಸಿಲಿಗೆ ತೆಳ್ಳಗೆ ಹರವಿ ಒಣಗಿಸಬೇಕು, ಬರಿಗಾಲಲ್ಲಿ ಇಳಿಯಬಾರದು, ಹೊಸ ಮಣ್ಣಿನ ಮೇಲೆ ತಾಡಪತ್ರಿ ಮುಚ್ಚಬೇಕು, ಬೆಕ್ಕಿಗೂ ಔಷಧ ಹಾಕಿಸಬೇಕು, ತುರಿಕೆ ಇದ್ದ ಪೈಲವಾನರನ್ನೆಲ್ಲ ಕಳಿಸಬೇಕು ಎಂದು ಹೇಳಿದಳು. ದಾವಲಸಾಬ ತನ್ನ ಕೈಗಳನ್ನು ಕಿಸೆಯೊಳಗೆ ಹಾಕಿಕೊಂಡ.

ಇಜೇರಿಯ ಬಸ್ಸಿನಲ್ಲಿ ಜಾಗ ಸಿಕ್ಕಿತು, ಆದರೆ ಜಸ್ಮೀನ ಎರಡು ಸಾಲು ಮುಂದೆ ಹೋಗಿ ಯಾವಳೋ ಮುದುಕಿಯ ಪಕ್ಕ ಕುಳಿತಳು. ಕೂಡಲಿ ಬಿಡು. ಬಿಲ್ಲಿ ಪಾಕ, ಬೆಕ್ಕು ಶುದ್ಧ ಪ್ರಾಣಿ ಎಂದು ಹೇಳಿಕೊಟ್ಟವರು ಯಾರು? ಅವನ ತಾಯಿ. ನಮಾಜಿನ ಚಾಪೆಯ ಮೇಲೆ ಬಂದು ಮಲಗಿದರೂ ಎಬ್ಬಿಸಬೇಡ, ಬಾಯಿ ಹಾಕಿದ ನೀರು ಚೆಲ್ಲಬೇಡ, ನಾಯಿಯನ್ನು ಮಾತ್ರ ಹೊಸ್ತಿಲ ಆಚೆ ಇಡು. ಅಷ್ಟನ್ನು ಅವನು ಜೀವಮಾನವಿಡೀ ಪಾಲಿಸಿದ. ಅಖಾಡಕ್ಕೆ ಇಲಿಗಳ ಕಾಟ; ಎಣ್ಣೆ ಮಜ್ಜಿಗೆಯ ವಾಸನೆಗೆ ಬಂದು ಬಿಲ ತೋಡುತ್ತಿದ್ದವು. ಆಗ ಈ ಬೆಕ್ಕು ತಾನಾಗಿ ಬಂತು. ರಾಣಿ ಎಂದು ಹೆಸರಿಟ್ಟು, ಪೈಲವಾನರ ಹಾಲಿನಲ್ಲೇ ಒಂದು ಪಾಲು ಎತ್ತಿಟ್ಟ. ಬೆಳಿಗ್ಗೆ ಸಲಿಕೆ ಹಿಡಿದು ಮಣ್ಣು ತಿರುವುವಾಗ ಅಲ್ಲಲ್ಲಿ ಸಣ್ಣ ಗಂಟುಗಳು ಸಿಗುತ್ತಿದ್ದವು. ಕಂಡಿದ್ದ. ಪಾಕ ಜಾನವಾರದ್ದು, ಮಣ್ಣೂ ಪಾಕ, ಮಣ್ಣಿನಲ್ಲಿ ಕರಗಿ ಹೋಗುತ್ತದೆ ಎಂದು ಸಲಿಕೆಯಿಂದಲೇ ಒಡೆದು ಕಲಸಿದ್ದ. ಒಡೆದು ಕಲಸಿದ್ದೆನಲ್ಲ ಯಾ ಅಲ್ಲಾ! ಜಾಲಿಯ ಮುಳ್ಳು ಬಡಿದದ್ದು ನಾಯಿಗೆ, ಕೋಲು ಹಿಡಿದು ಕಾದದ್ದು ನಾಯಿಗೆ, ಊರ ನಾಯಿಗಳೆಲ್ಲ ಹೊರಗೆ ನಿಂತು ನಗುತ್ತಿರಬೇಕು. ಹೊರಗೆ ತೊಗರಿ ಕಿತ್ತ ಹೊಲಗಳು ಬಿರುಕು ಬಿಟ್ಟು ಬಿದ್ದಿದ್ದವು. ಹಿಂದಿನ ಸೀಟಿನವನು ಮೊಬೈಲಿನಲ್ಲಿ ಏನೋ ಜೋರಾಗಿ ಹಾಕಿಕೊಂಡಿದ್ದ. "ಬಂದ್ ಮಾಡಲೇ ಅದನ್ನ!" ಎಂದು ದಾವಲಸಾಬ ಕೂಗಿದ. ಬಸ್ಸಿನವರೆಲ್ಲ ತಿರುಗಿದರು. ಎರಡು ಸಾಲು ಮುಂದಿದ್ದವಳು ತಿರುಗಲಿಲ್ಲ.

ಊರಿಗೆ ಬರುವಷ್ಟರಲ್ಲಿ ಸುದ್ದಿ ಬಂದು ಕುಳಿತಿತ್ತು. ಗರಡಿಯ ಕಟ್ಟೆಯ ಮೇಲೆ ದೌಲತರಾಯರು, ಪಕ್ಕದಲ್ಲಿ ಅವರ ಮಗ ಶಿವಪ್ರಕಾಶ, ಮತ್ತೆ ನಾಲ್ಕಾರು ಪೈಲವಾನರು. ಗರಡಿಯ ಜಾಗ ದೌಲತರಾಯರ ಮನೆತನದ್ದು. ಅವರ ಅಪ್ಪ ದಾವಲಸಾಬನ ಅಪ್ಪನಿಗೆ ಬಾಯಿಮಾತಿನಲ್ಲಿ ಕೊಟ್ಟದ್ದು. ಅವರು ಎಂದೂ ದನಿ ಎತ್ತಿದವರಲ್ಲ. ವಿಭೂತಿ ಹಚ್ಚಿದ ಹಣೆ, ಇಸ್ತ್ರಿಯ ಧೋತರ, ಮೆತ್ತನೆಯ ಮಾತು. ಆ ಮೆತ್ತನೆಯ ಮಾತಿನ ಮುಂದೆ ದಾವಲಸಾಬನ ಸಿಟ್ಟು ಯಾವಾಗಲೂ ಕಾಲು ಜಾರಿ ಬೀಳುತ್ತಿತ್ತು.

"ಬಾ ವಸ್ತಾದ, ಕೂಡು. ಹುಡುಗಿಗಿ ಹಂಗಾತಂತಲ್ಲ, ಕೇಳಿ ಕೆಟ್ಟ ಅನಸ್ತು ನೋಡು."

"ಮಣ್ಣಿಂದ ಬಂದದಂತ್ರಿ ಸಾವಕಾರ್ರ. ಡಾಕ್ಟರು ಹೇಳ್ಯಾರ. ಮಣ್ಣು ತಗೀಬೇಕಂತ."

"ನಾ ಅದನ್ನೇ ಅನ್ನಾಕ ಬಂದೀನಿ." ದೌಲತರಾಯರು ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡರು. "ಮಣ್ಣು ಕೆಟ್ಟದಂತ ಊರಾಗ ಮಾತ ಹುಟ್ಟ್ಯದ. ಯಾಕ ಕೆಟ್ಟದ ಅಂದ್ರ ಮಂದಿ ಒಂದೊಂದು ಅಂತಾರ. ನಾ ಅನ್ನೂದಲ್ಲ ಮತ್ತ, ಮಂದಿ ಅನ್ನೂದು. ಹೆಣ್ಣಮಕ್ಕಳಿಗಿ ತಿಂಗಳ ತಿಂಗಳ ಇರೂದು ಇರ್ತದ. ಹಣಮಪ್ಪನ ಎದರಿಗಿನ ಮಣ್ಣು. ನಿಮ್ಮ ಪೀರನೂ ಅಲ್ಲೇ ಅದಾನ. ನೀ ಮಗಳನ್ನ ಇಳಿಸಿದಿ, ನಾವೂ ಸುಮ್ಮಕಿದ್ದಿವಿ. ಆದದ್ದಾತು. ನನ್ನ ಹೊಲದಾಗಿನ ಕೆಮ್ಮಣ್ಣು ಹೊಡಸ್ತೇನಿ, ಸ್ವಾಮ್ಯಾರನ್ನ ಕರಸಿ ಶಾಂತಿ ಮಾಡಸೋಣು, ನೀನೇ ವಸ್ತಾದ ಇರು. ಹುಡುಗಿ ಮನ್ಯಾಗ ಇರ್ಲಿ. ಮದವಿ ವಯಸ್ಸು."

  ಆಮೇಲೆ ಎಷ್ಟು ಸಲ ತನ್ನನ್ನು ತಾನು ಬೈದುಕೊಂಡರೂ, ಆ ಗಳಿಗೆಯಲ್ಲಿ ದಾವಲಸಾಬನಿಗೆ ಒಳಗೆ ಏನೋ ಹಗುರವಾದದ್ದು ನಿಜ. ಬೆಕ್ಕಿನ ಹೆಸರು ಎತ್ತುವುದೇ ಬೇಡ. ಹೇಲನ್ನು ಒಡೆದು ಕಲಸಿದ ಸಲಿಕೆಯ ಹೆಸರು ಬೇಡ. ಹೊಸ ಮಣ್ಣು ಬರುತ್ತದೆ, ಕಾಯಿ ಒಡೆಯುತ್ತದೆ, ವಸ್ತಾದ ವಸ್ತಾದನಾಗಿಯೇ ಇರುತ್ತಾನೆ. ಹೂಂ ಎಂದರೆ ಸಾಕು. ಹೂಂ ಅನ್ನುವುದೂ ಬೇಡ, ಸುಮ್ಮನಿದ್ದರೆ ಸಾಕು. ಅವನು ಸುಮ್ಮನಿದ್ದ. ಜಾಲಿಯ ಬೇಲಿಯ ಹತ್ತಿರ ಜಸ್ಮೀನ ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಬೆಳಿಗ್ಗೆ ಬಾಯಿ ತೆರೆದು ಮಾಡಿದ ಕೆಲಸವನ್ನು ಅವನು ಈಗ ಬಾಯಿ ಮುಚ್ಚಿಕೊಂಡು ಮಾಡುತ್ತಿದ್ದ. ಆಗಲೇ ಶಿವಪ್ರಕಾಶನ ಕೈ ಕಂಡಿತು. ಅಪ್ಪನ ಬೆನ್ನ ಹಿಂದೆ ಕುಳಿತು ಅವನು ಚಡ್ಡಿಯ ಅಂಚಿನಲ್ಲಿ ಬೆರಳು ತೂರಿಸಿ ತೊಡೆ ಕೆರೆದುಕೊಳ್ಳುತ್ತಿದ್ದ, ಹಲ್ಲು ಕಚ್ಚಿಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು.

"ತೊಡಿ ತೋರಸಲೇ ಶಿವಪ್ರಕಾಶ."

"ಯಾಕ್ರಿ ವಸ್ತಾದ್ರ?"

"ತೋರಸಲೇ ಅಂದ್ರ!"

"ಬೆವರಸಾಲಿ ಅದ ರೀ. ಬ್ಯಾಸಗಿಗಿ ಆಗ್ತದ," ಎಂದ ಅವನು, ಚಡ್ಡಿ ಕೆಳಗೆ ಎಳೆದುಕೊಂಡು. ಉಳಿದ ಪೈಲವಾನರು ನೆಲ ನೋಡಿದರು. ಒಬ್ಬ ಅಂಗಿಯ ಗುಂಡಿ ಹಾಕಿಕೊಂಡ. ಎಲ್ಲರಿಗೂ ಇದೆ. ಎಲ್ಲರಿಗೂ ಇದೆ, ಸೂಳೆಮಕ್ಕಳಿಗೆ! ಗಂಡಸಿಗೆ ಬಂದರೆ ಬೆವರುಸಾಲೆ, ನನ್ನ ಮಗಳಿಗೆ ಬಂದರೆ ಮೈಲಿಗೆ.

ಅವನು ಒಳಗೆ ಹೋಗಿ ಸಲಿಕೆ ತಂದ. ಚಪ್ಪಲಿ ಮೆಟ್ಟಿಕೊಂಡೇ ಅಖಾಡಕ್ಕೆ ಇಳಿದ. ಕಟ್ಟೆಯ ಮೇಲಿದ್ದವರು ಹಾ ಎಂದು ಎದ್ದು ನಿಂತರು. ಮೊದಲ ಸಲಿಕೆ ಮಣ್ಣು ಎತ್ತಿದ. ಅಪ್ಪನ ತಲೆಯ ಮೇಲಿನ ಹೊರೆ ಕಣ್ಣಿಗೆ ಕಟ್ಟಿತು, ಬೆವರಿನಿಂದ ತೊಯ್ದ ಆ ಕುತ್ತಿಗೆ. ಕ್ಷಮಿಸು ಎಂದು ಯಾರಿಗೆ ಹೇಳುವುದು? ಎರಡನೆಯ ಸಲಿಕೆಗೆ ಸಿಟ್ಟು ಮಾತ್ರ ಉಳಿಯಿತು. ಸಿಟ್ಟಿನಿಂದ ಮಣ್ಣು ಬೇಗ ಬರುತ್ತದೆ. ಮಂಡಿ ನೋವು ಲೆಕ್ಕಕ್ಕೆ ಬರಲಿಲ್ಲ. ಯಾರೂ ಕೈ ಹಚ್ಚಲಿಲ್ಲ. ಜಸ್ಮೀನ ಶಾಲೆಯ ಬೂಟು ಹಾಕಿಕೊಂಡು ಬಂದು ಬುಟ್ಟಿ ಹಿಡಿದಳು. ಅವನು ತುಂಬುವುದು, ಅವಳು ಹಿಂದಿನ ಬಯಲಿಗೆ ಒಯ್ದು ಬಿಸಿಲಿಗೆ ಸುರಿಯುವುದು. ಖಾಲಿ ಬುಟ್ಟಿಯನ್ನು ಅವನ ಕಾಲ ಹತ್ತಿರ ಒಗೆಯುತ್ತಿದ್ದಳು, ಇಡುತ್ತಿರಲಿಲ್ಲ. ದೌಲತರಾಯರು ಒಂದಿಷ್ಟು ಹೊತ್ತು ನೋಡಿ, "ತಲಿ ಕೆಟ್ಟದ ಇವಂದು," ಎಂದು ಮೆತ್ತಗೆ ಹೇಳಿ ಮತ್ತೆ ಕುಳಿತರು. ಬಿಸಿಲು ಇಳಿಯುವ ಹೊತ್ತಿಗೆ ಅಖಾಡದ ತಳದ ಗಟ್ಟಿ ನೆಲ ಕಂಡಿತು, ಬೋಳು, ಬಿಳಿಚು, ಸಲಿಕೆ ತಾಗಿದರೆ ಠಣ್ಣೆನ್ನುವ ನೆಲ.

ಬಯಲಿನಲ್ಲಿ ಮಾತು ಕೇಳಿಸಿತು. ಅವನು ಮೇಲೆ ಬಂದು ನೋಡಿದರೆ ಓಣಿಯ ಗುರುಬಾಯಿ, ಎಪ್ಪತ್ತು ದಾಟಿದ ಮುದುಕಿ, ಮೊಮ್ಮಗನನ್ನು ಬಗಲಲ್ಲಿ ಎತ್ತಿಕೊಂಡು ಮಣ್ಣಿನ ರಾಶಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತಿದ್ದಳು. ಊರಿನ ಹೆಂಗಸರು ಕೂಸುಗಳ ಸೊಂಟ ಗಟ್ಟಿಯಾಗಲೆಂದು ಗರಡಿಯ ಮಣ್ಣು ಬೇಡಿ ಒಯ್ಯುವವರು. ದಾವಲಸಾಬ ಚಿಟಿಕೆ ಕೊಟ್ಟರೆ ಅದೇ ಹೆಚ್ಚು. ಇವತ್ತು ರಾಶಿಯೇ ಬಿದ್ದಿದೆ. ಅವಳು ಸೆರಗಿನ ತುದಿಯಲ್ಲಿ ಮುಷ್ಟಿ ಮುಷ್ಟಿ ತುಂಬಿಕೊಂಡಿದ್ದಳು, ಸಾಲದೆ ಒಂದು ಮುಷ್ಟಿಯನ್ನು ಕೂಸಿನ ಬರಿ ಬೆನ್ನಿಗೆ ಸವರಲು ಎತ್ತಿದ್ದಳು. ಅವನು ಓಡಿದ. ಓಡಿ ಹೋಗಿ ಅವಳ ಕೈಗೆ ಹೊಡೆದ. ಮಣ್ಣು ಹಾರಿತು, ಕೂಸು ಬೆಚ್ಚಿ ಅತ್ತಿತು. ಮುದುಕಿಗೆ ಕೈ ಎತ್ತಿದನಲ್ಲ ಎಂದು ಕಟ್ಟೆಯವರೆಲ್ಲ ಎದ್ದು ಬಂದರು.

"ಹೊಲಸ ಅದ ಬೇ ಯವ್ವಾ! ನನ್ನ ಮಣ್ಣ ಹೊಲಸ ಅದ!" ಅವನು ಚೀರಿದ.  "ಬಿಲ್ಲಿ ಹೇತದ ಇದರಾಗ, ನನ್ನ ಬಿಲ್ಲಿ! ನಾನೇ ಹಾಲ ಹಾಕಿ ಸಾಕೀನಿ. ನಾನೇ ದಿನಾ ಸಲಿಕಿಲೆ ಒಡದ ಕಲಸೀನಿ. ಅದರಾಗ ಹುಳ ಹುಟ್ಟ್ಯಾವ. ಈ ಕೈಲೆ, ಇದೇ ಕೈಲೆ ನನ್ನ ಮಗಳ ಬೆನ್ನಿಗಿ ತಿಕ್ಕೀನಿ. ಶಿವಪ್ರಕಾಶನ ತೊಡಿಗಿ ಅದ, ಎಲ್ಲಾರಿಗೂ ಅದ, ನನ್ನಿಂದ ಬಂದದ! ಆಕಿದೇನೂ ತಪ್ಪಿಲ್ಲ, ಕೇಳ್ರಿ ಎಲ್ಲಾರೂ, ಆಕಿದೇನೂ ತಪ್ಪಿಲ್ಲ!"

 ಹೇಳಿಬಿಟ್ಟೆ ಎಂದುಕೊಂಡ ಅವನು. ಇನ್ನು ಉಗಿಯುತ್ತಾರೆ, ಉಗಿಯಲಿ. ಗುರುಬಾಯಿ ಹೊಡೆಸಿಕೊಂಡ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ಕೈಯಿಂದ ಅವನ ಗಲ್ಲ ಮುಟ್ಟಿದಳು, ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಯಾಕ ಹಿಂಗ ಚೀರಾಕತ್ತೀಯೋ ಎಪ್ಪಾ. ಬೆಕ್ಕು ಏನ ಮಾಡ್ತದ ಪಾಪ, ಮೂಕ ಜೀವ. ಮಗಳ ತಪ್ಪನ್ನ ನಿನ್ನ ತಲಿ ಮ್ಯಾಲ ಹಾಕ್ಕೊಳ್ಳಾಕತ್ತೀದಿ, ನಮಗ ತಿಳಿಯಂಗಿಲ್ಲೇನು? ತಂದಿ ಕರಳು ಅಂದ್ರ ಹಂಗೇ. ಆಕಿ ಇಳದ ದಿನಾನೇ ಕೆಟ್ಟದ ಬಿಡು ಈ ಮಣ್ಣು. ಯಾರೂ ನಿನಗೇನೂ ಅನ್ನಂಗಿಲ್ಲ."

"ಹೌದೌದು," ಎಂದರು ದೌಲತರಾಯರು, ಮೆತ್ತಗೆ. ಪೈಲವಾನರೂ ತಲೆಯಾಡಿಸಿದರು. ಅವನ ಮೇಲೆ ಅವರಿಗೆಲ್ಲ ಕರುಣೆ ಬಂದಿತ್ತು. ಅವನಿಗೆ ಯಾರನ್ನಾದರೂ ಕೊಲ್ಲಬೇಕೆನಿಸಿತು. ಕೊಲ್ಲಲು ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಮೂಗಿಳಿಯುವ ಕೂಸು ಹಿಡಿದ ಮುದುಕಿ, ತನ್ನ ಕೈಯಾರೆ ಕಲಿಸಿದ ಹುಡುಗರು. ಖರೇ ಹೇಳಿದರೂ ಇವರು ಸುಳ್ಳೇ ಕೇಳುತ್ತಾರೆ. ಅವನು ತಿರುಗಿ ನೋಡಿದ.

ಜಸ್ಮೀನ ಬಯಲಿನಲ್ಲಿ ಇರಲಿಲ್ಲ. ಅವಳು ಅಖಾಡದೊಳಗೆ, ಆ ಬೋಳು ನೆಲದ ನಡುವೆ, ಬೂಟಿನ ಕಾಲಿನಲ್ಲಿ ನಿಂತಿದ್ದಳು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದಿದ್ದಳು. "ಬರ್ರಿ," ಎಂದಳು. ಬೆಳಗಿನಿಂದ ಅವನಿಗೆ ಆಡಿದ ಮೊದಲ ಮಾತು. "ಬರ್ರಿ ಅಬ್ಬಾ. ಹಿಡೀರಿ."

"ಮಣ್ಣಿಲ್ಲ ಬೇಟಿ. ನೆಲ ಗಟ್ಟಿ ಅದ."

"ಗೊತ್ತದ. ಬರ್ರಿ."

ಎಲ್ಲರೂ ಅಂಚಿಗೆ ಬಂದು ನಿಂತರು. ಅವನು ಇಳಿದ. ಬಗ್ಗಿ, ಕೈ ಚಾಚಿ, ಅವಳ ಕುತ್ತಿಗೆಯ ಹಿಂದೆ ಕೈ ಹಾಕಿದ, ಬಲ ಹೆಗಲನ್ನು ತಪ್ಪಿಸಿ, ಮೆತ್ತಗೆ. ಅವಳು ಆ ಕೈಯನ್ನು ಹಿಡಿದು ತನ್ನ ಬಲ ಹೆಗಲಿನ ಮೇಲೆಯೇ ಇಟ್ಟುಕೊಂಡಳು, ಸರಿಯಾಗಿ ಆ ಗೆರೆಗಳ ಮೇಲೆ. ಹಣೆಗೆ ಹಣೆ ತಾಗುವಷ್ಟು ಹತ್ತಿರ ಬಂದು, ಅವನಿಗೊಬ್ಬನಿಗೇ ಕೇಳುವಂತೆ, "ಈಗ ಹೇಳಿದ್ರಲ್ಲ ಆಕಿದೇನೂ ತಪ್ಪಿಲ್ಲ ಅಂತ, ಅದನ್ನ ಮುಂಜಾನಿ ಅಲ್ಲಿ ಹೇಳಬೇಕಿತ್ತು ನೀವು," ಎಂದಳು. ಉತ್ತರಕ್ಕೆ ಕಾಯಲಿಲ್ಲ. ಸೊಂಟ ಒಳಗೆ ತಂದು, ಅವನೇ ಅವಳಿಗೆ ಕಲಿಸಿದ ಢಾಕು ಎಂಬ ಪಟ್ಟು ಹಾಕಿ ಎತ್ತಿದಳು. ಅಷ್ಟು ಬಲ ಅವಳಲ್ಲಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಇದು ಕುಸ್ತಿಯಲ್ಲ, ಹೊಡೆತ ಎಂಬುದು ಗಾಳಿಯಲ್ಲಿರುವಾಗಲೇ ಅವನಿಗೆ ತಿಳಿಯಿತು. ಬೆನ್ನು ನೆಲಕ್ಕೆ ಅಪ್ಪಳಿಸಿತು. ಕಣ್ಣಿಗೆ ಕತ್ತಲೆ ಬಂತು, ಉಸಿರು ಎಲ್ಲೋ ಹೋಗಿ ನಿಂತಿತು. ಮೇಲೆ ಅಂಚಿನಲ್ಲಿ ದೌಲತರಾಯರ ಧೋತರ, ಗುರುಬಾಯಿಯ ಬಾಯಿಗೆ ಹೋದ ಕೈ, ಹುಡುಗರ ಮುಖಗಳು.  ಅವಳು ಅವನ ಮೇಲೆ ಬಗ್ಗಿ ನಿಂತಿದ್ದಳು, ಕೆಂಡದಂಥ ಮುಖ, ಈಗ ಅಳುತ್ತಿದ್ದಳು, ಕೈ ಮಾತ್ರ ಚಾಚಲಿಲ್ಲ.

"ಅಫಜಲಪುರಕ್ಕ ಹೋಗೂದದ," ಎಂದಳು. "ಏಳ್ರಿ. ಮತ್ತ ಹಿಡೀರಿ."